ಅಜ್ಜಿಯ ಹಗ್ಗದಿಂದ ಅಪ್ಪನ ಬಚ್ಚಲಿನವರೆಗೆ

ಹೋದ ವರ್ಷ ಶ್ರಾವಣದ ಒಂದು ಬೆಳಗ್ಗೆ ಆರಕ್ಕೆ ಧಾರವಾಡದಿಂದ ಅವ್ವನ ಫೋನು ಬಂತು. ಊರಲ್ಲಿ ವಯಸ್ಸಾದ ತಂದೆ ತಾಯಿಯನ್ನು ಬಿಟ್ಟು ಬಂದವರಿಗೆಲ್ಲ ಆ ಹೊತ್ತಿನ ಫೋನಿನ ಅರ್ಥ ಗೊತ್ತಿರುತ್ತದೆ. “ನಿಮ್ಮಪ್ಪ ಬಚ್ಚಲದಾಗ ಜಾರಿ ಬಿದ್ದಾರ. ಗಾಬರಿ ಆಗಬ್ಯಾಡ, ಮುಂಗೈಗೆ ಪೆಟ್ಟಾಗೇದ ಅಷ್ಟ,” ಅಂದಳು. ಗಾಬರಿ ಆಗಬ್ಯಾಡ ಎಂಬ ಮಾತಿಗೇ ಗಾಬರಿಯಾಗಿ ಸಂಜೆಯೊಳಗೆ ಪುಣೆಯಿಂದ ಮನೆ ಮುಟ್ಟಿದೆ.

ಅಪ್ಪ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ನಡೆದದ್ದಿಷ್ಟು. ಒದ್ದೆ ಟೈಲ್ಸಿನ ಮೇಲೆ ಕಾಲು ಜಾರಿದೆ. ಕೈಗೆ ಸಿಕ್ಕಿದ್ದು ಟವೆಲ್ ರಾಡು. ಅದು ಸ್ಕ್ರೂ ಸಮೇತ ಕಿತ್ತು ಕೈಗೇ ಬಂದಿದೆ. ಅಪ್ಪ ಬಿದ್ದದ್ದು ಬಾಗಿಲ ಹಿಂದೆ. ಬಾಗಿಲು ತೆರೆಯುವುದು ಒಳಮುಖವಾಗಿ. ಹೊರಗಿನಿಂದ ಅವ್ವ ತಳ್ಳಿದಷ್ಟೂ ಬಾಗಿಲು ಅಪ್ಪನ ಬೆನ್ನಿಗೆ ತಾಗುತ್ತಿತ್ತು. ಅವರು ತೆವಳಿಕೊಂಡು ಪಕ್ಕಕ್ಕೆ ಸರಿಯುವವರೆಗೆ ಇಪ್ಪತ್ತು ನಿಮಿಷ ಯಾರಿಗೂ ಒಳಗೆ ಹೋಗಲು ಆಗಲಿಲ್ಲ. ಸೊಂಟದ ಮೂಳೆ ಮುರಿದಿದ್ದರೆ?

ನಾನು ಸಿವಿಲ್‌ನಲ್ಲಿ ಎಂಟೆಕ್ ಮಾಡಿ ಐಟಿಗೆ ಬಂದವನು. ಇಪ್ಪತ್ತು ವರ್ಷದಿಂದ ನೋಡುತ್ತಿರುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು, ತೊಲೆ ಕಂಬಗಳನ್ನಲ್ಲ. ಆ ರಾತ್ರಿ ಮಾತ್ರ ನಿದ್ದೆ ಬಾರದೆ ಟೇಪು ಹಿಡಿದು ಮನೆ ಅಳೆದೆ. ಬಚ್ಚಲ ಬಾಗಿಲ ಅಗಲ 2 ಅಡಿ. ಒಳಗಿನ ನೆಲ 4 ಇಂಚು ತಗ್ಗು. ಅಂಗಳದಿಂದ ಪಡಸಾಲೆಗೆ ಮೂರು ಮೆಟ್ಟಿಲು, ಹಿಡಿಕೆ ಇಲ್ಲ. ಪಾಯಖಾನೆ ಕುಕ್ಕರಗಾಲಿನದು. ದೀಪದ ಸ್ವಿಚ್ಚು ಹಾಸಿಗೆಯಿಂದ ಹತ್ತು ಹೆಜ್ಜೆ ಆಚೆ. 1988ರಲ್ಲಿ ಕಟ್ಟಿದ ಈ ಮನೆಯ ಸ್ಲ್ಯಾಬು ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಎಷ್ಟು ಮಳೆ, ಎಷ್ಟು ಭಾರ ಎಂದು ಲೆಕ್ಕ ಹಾಕಿದ್ದರು. ಒಳಗಿರುವವರಿಗೆ ವಯಸ್ಸಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ. ಯಾಕೆ ಹಾಕಲಿಲ್ಲ ಎಂದು ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆ ಈ ಬರಹ.

ಮನೆಯಲ್ಲ, ಮಂದಿ

ಹಳೆಯ ಮನೆಗಳು ಮುದುಕರಿಗೆ ಅನುಕೂಲವಾಗಿದ್ದವು ಎಂದು ನಾವು ಊರು ಬಿಟ್ಟವರು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ಅಜ್ಜಿಯ ಹಳ್ಳಿಮನೆಯನ್ನು ನೆನೆದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪ್ರತಿ ಕೋಣೆಗೂ ಗೇಣೆತ್ತರದ ಹೊಸ್ತಿಲು. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು. ಹಗಲಲ್ಲೂ ಕತ್ತಲೆಯ ನಡುಮನೆ. ಬಾವಿ ಹಿತ್ತಲಿನಲ್ಲಿ, ಬಹಿರ್ದೆಸೆ ಅದಕ್ಕೂ ಆಚೆ.

ಅನುಕೂಲ ಇರಲೇ ಇಲ್ಲವೆಂದಲ್ಲ. ಅಜ್ಜಿಯ ಹಾಸಿಗೆ ಇದ್ದದ್ದು ಪಡಸಾಲೆಯಲ್ಲಿ, ಎಲ್ಲರ ಕಣ್ಣಳತೆಯಲ್ಲಿ. ನೆಲಕ್ಕೆ ಒರಟು ಶಹಾಬಾದಿ ಫರಸಿ. ನೀರು ಬಿದ್ದರೂ ಕಾಲು ಕಚ್ಚಿ ಹಿಡಿಯುತ್ತಿತ್ತು. ಮನೆ ಮುಂದಿನ ಕಟ್ಟೆಯ ಎತ್ತರ ಕೂತು ಏಳಲು ಸರಿಯಾಗಿತ್ತು. ಇನ್ನೊಂದು ವಸ್ತುವೂ ಇತ್ತು. ಹಾಸಿಗೆಯ ಪಕ್ಕ, ಮಾಳಿಗೆಯ ಜಂತಿಯಿಂದ ಇಳಿಬಿಟ್ಟ ಒಂದು ದಪ್ಪ ಹಗ್ಗ. ಅಜ್ಜಿ ಅದನ್ನು ಹಿಡಿದು ಏಳುತ್ತಿದ್ದಳು, ಹಿಡಿದು ಕೂರುತ್ತಿದ್ದಳು. ನಾವು ಮೊಮ್ಮಕ್ಕಳು ಅದಕ್ಕೆ ಜೋತಾಡಿ ಬೈಸಿಕೊಳ್ಳುತ್ತಿದ್ದೆವು.

ಆದರೆ ಆ ಮನೆಯಲ್ಲಿ ಮುಪ್ಪನ್ನು ಹೊತ್ತದ್ದು ಹಗ್ಗವಲ್ಲ, ಫರಸಿಯೂ ಅಲ್ಲ. ಸೊಸೆಯರು. ನೀರು ಕಾಸಿ ಕೊಡುವವರು, ಕತ್ತಲಲ್ಲಿ ಕಂದೀಲು ಹಿಡಿದು ಹಿತ್ತಲಿಗೆ ಕರೆದೊಯ್ಯುವವರು, ಬಿದ್ದರೆ ಎತ್ತುವವರು. ಮನೆಯ ಪ್ರತಿ ಹೊಸ್ತಿಲಿಗೂ ಒಂದು ಕೈ ಇತ್ತು. ಆ ಕೈಗಳಿಗೆ ಕೂಲಿ ಇರಲಿಲ್ಲ, ಬೇರೆ ಆಯ್ಕೆಯೂ ಇರಲಿಲ್ಲ. ಅದನ್ನು ಕೂಡುಕುಟುಂಬದ ಸೊಬಗು ಎಂದು ಹಾಡುವವರು ಆ ಕೈಗಳನ್ನು ಒಮ್ಮೆ ಕೇಳಬೇಕು.

ಇನ್ನೊಂದು ಕಾರಣ ಸಂಖ್ಯೆಯದು. 1941ರಿಂದ 1951ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಎಳೆಯ ಮಕ್ಕಳ ಸಾವು ಈ ಸರಾಸರಿಯನ್ನು ಕೆಳಗೆಳೆಯುತ್ತದೆ ನಿಜ, ಆದರೂ ಎಂಬತ್ತು ದಾಟಿದವರು ಊರಿಗೆ ನಾಲ್ಕಾರು ಜನ. ಇಂದು ಆ ಸರಾಸರಿ 70ರ ಆಸುಪಾಸು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರೇ ಸುಮಾರು 10.4 ಕೋಟಿ. ಒಂದು ಕಡೆ ಮುಪ್ಪಿನ ವರ್ಷಗಳು ಹೆಚ್ಚಾದವು, ಇನ್ನೊಂದು ಕಡೆ ಹೊಸ್ತಿಲ ಪಕ್ಕದ ಕೈಗಳು ಕೆಲಸಕ್ಕೆಂದು ಪುಣೆಗೆ, ಹೈದರಾಬಾದಿಗೆ ಹೋದವು. ಅಂಥ ಎರಡು ಕೈ ನನ್ನವೂ ಹೌದು.

ನಿವೃತ್ತಿಯ ದುಡ್ಡು, ಹರೆಯದ ನಕ್ಷೆ

ಸಂಬಳದವರ ಮನೆ ಎಂಬುದು ಹೊಸ ಕಾಲದ ಕೂಸು. ನೌಕರರ ಭವಿಷ್ಯ ನಿಧಿಯ ಕಾಯ್ದೆ ಬಂದದ್ದು 1952ರಲ್ಲಿ, ಗ್ರಾಚುಯಿಟಿ ಕಾಯ್ದೆ 1972ರಲ್ಲಿ. ಬಹಳ ಕಾಲ ಮಧ್ಯಮ ವರ್ಗದ ಮನುಷ್ಯ ಬಾಡಿಗೆ ಮನೆಯಲ್ಲೋ ಕ್ವಾರ್ಟರ್ಸಿನಲ್ಲೋ ನೌಕರಿ ಮುಗಿಸಿ, ಕೈಗೆ ಬಂದ ಈ ಇಡಿಗಂಟಿನಲ್ಲಿ ಮನೆ ಕಟ್ಟುತ್ತಿದ್ದ. 1970ರಲ್ಲಿ ಹುಡ್ಕೊ ಬಂತು. 1977ರಲ್ಲಿ ಎಚ್. ಟಿ. ಪಾರೇಖ್ ಎಚ್‌ಡಿಎಫ್‌ಸಿ ಕಟ್ಟಿದರು. ಆಗ ಅವರು ಐಸಿಐಸಿಐಯಿಂದ ಬಿಡುಗಡೆಯಾದ, ಅರವತ್ತೈದು ದಾಟಿದ ಮನುಷ್ಯ. ಆ ಮೇಲೆ ನಲವತ್ತರ ಆಸುಪಾಸಿನವರಿಗೂ ಸಾಲ ಸಿಗತೊಡಗಿತು. ಶಾಲಾ ಮಾಸ್ತರರಾಗಿದ್ದ ನನ್ನ ಅಪ್ಪ ಸಾಲ ಮಾಡಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದಾಗ ಅವರಿಗೆ ನಲವತ್ತು.

ನಿವೃತ್ತಿಯ ಹಣದಲ್ಲಿ ಕಟ್ಟಿದರೂ ಸಾಲದಲ್ಲಿ ಕಟ್ಟಿದರೂ ನಕ್ಷೆ ಒಂದೇ. ಕೆಳಗೆ ಪಡಸಾಲೆ, ದೇವರ ಮನೆ, ಅಡುಗೆ ಮನೆ. ಮೇಲೆ ಗಂಡುಮಕ್ಕಳಿಗೆ ಒಂದೊಂದು ಕೋಣೆ. ಮಗಳ ಮದುವೆಗೆ ಮಾಳಿಗೆಯ ಮೇಲೆ ಪಂಕ್ತಿ ಕೂರಿಸುವಷ್ಟು ಜಾಗ. ಮಳೆ ನೀರು ನುಗ್ಗದಂತೆ, ಓಣಿಗೆ ಎದ್ದು ಕಾಣುವಂತೆ ಎತ್ತರದ ಬುನಾದಿ, ಅದಕ್ಕೆ ಮೆಟ್ಟಿಲು. ಮನೆ ಎಂದರೆ ಮಕ್ಕಳಿಗೆ. ತನ್ನ ಎಪ್ಪತ್ತೈದನೆಯ ವಯಸ್ಸಿಗೆ ಎಂದು ಒಂದು ಗೋಡೆಯನ್ನೂ ಯಾರೂ ಕಟ್ಟಿಸಲಿಲ್ಲ. ಮಕ್ಕಳು ಹೋದರು, ಮೆಟ್ಟಿಲು ಉಳಿದವು. ಮೇಲಿನ ಎರಡು ಕೋಣೆಗೆ ಈಗ ಬೀಗ. ಅವ್ವ ತಿಂಗಳಿಗೊಮ್ಮೆ ಮೊಣಕಾಲು ಹಿಡಿದುಕೊಂಡು ಹತ್ತಿ ಕಸ ಹೊಡೆದು ಬರುತ್ತಾಳೆ.

ನಾವು ಬಂದು ಸೇರಿದ ಊರುಗಳ ಕತೆ ಇದಕ್ಕಿಂತ ಬೇರೆಯಲ್ಲ. ಮುಂಬಯಿಯಲ್ಲಿ 1920ರ ದಶಕದಲ್ಲಿ ಎದ್ದ ಬಿಡಿಡಿ ಚಾಳುಗಳಲ್ಲಿ ನೂರರವತ್ತು ಚದರಡಿಯ ಖೋಲಿ, ಮಹಡಿಗೆಲ್ಲ ಸೇರಿ ಸಾಮೂಹಿಕ ಶೌಚಾಲಯ. ಅವು ದುಡಿಯಲು ಬಂದವರಿಗೆಂದು ಕಟ್ಟಿದವು. ದುಡಿದು ಮುಗಿದವರು ಊರಿಗೆ ಮರಳುತ್ತಾರೆ ಎಂಬುದು ಲೆಕ್ಕ. ಅನೇಕರು ಮರಳಲಿಲ್ಲ. ಮುಂದೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮುಂಬಯಿ, ಪುಣೆಗಳಲ್ಲಿ ಲಿಫ್ಟಿಲ್ಲದ ಮೂರು ನಾಲ್ಕು ಮಹಡಿಯ ಸೊಸೈಟಿಗಳು ಸಾಲುಸಾಲಾಗಿ ಎದ್ದವು. ಅಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮೂರನೇ ಮಹಡಿ ಹತ್ತಿದ ಹರೆಯದ ದಂಪತಿಗಳು ಇಂದು ಅದೇ ಮನೆಯಲ್ಲಿ, ಔಷಧಿಗೆಂದೂ ಕೆಳಗಿಳಿಯಲಾಗದೆ ಕೂತಿದ್ದಾರೆ. ನಮ್ಮ ಕನ್ನಡ ಸಂಘಗಳ ಹಳೆಯ ಸದಸ್ಯರಲ್ಲಿ ರಾಜ್ಯೋತ್ಸವಕ್ಕೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದರೆ, ಕಾರಣ ಅನಾಸಕ್ತಿಯೇ ಎಂದು ತಿಳಿಯುವ ಮುಂಚೆ ಅವರ ಕಟ್ಟಡಕ್ಕೆ ಲಿಫ್ಟ್ ಇದೆಯೇ ಎಂದು ನೋಡಿ.

ಯುದ್ಧ, ಪೋಲಿಯೊ ಮತ್ತು ಒಂದಕ್ಕೆ ಹನ್ನೆರಡು

ಮನುಷ್ಯನ ಶಕ್ತಿ ಕುಂದಿದಾಗ ಕಟ್ಟಡ ಬಗ್ಗಬೇಕು ಎಂಬ ವಿಚಾರ ಮೊದಲು ಬಲವಾಗಿ ಬೆಳೆದದ್ದು ಮುಪ್ಪಿನಿಂದಲ್ಲ, ಎರಡನೇ ಮಹಾಯುದ್ಧ ಮತ್ತು ಪೋಲಿಯೊದಿಂದ. ಕಾಲು ಕಳೆದುಕೊಂಡು, ಬೆನ್ನುಹುರಿಗೆ ಗುಂಡು ತಾಗಿಸಿಕೊಂಡು ಅಮೆರಿಕಕ್ಕೆ ಮರಳಿದ ಸೈನಿಕರಿಗೆ ಸರ್ಕಾರ ಕಾಲೇಜಿನ ಖರ್ಚು ಕೊಟ್ಟಿತು. ಆದರೆ ಕಾಲೇಜಿನ ಬಾಗಿಲಲ್ಲೇ ಮೆಟ್ಟಿಲು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಂಥ ವಿದ್ಯಾರ್ಥಿಗಳಿಗಾಗಿ 1948ರಲ್ಲಿ ಶುರುವಾದ ಕಾರ್ಯಕ್ರಮವನ್ನು ನಡೆಸಿದವರು ಟಿಮೊಥಿ ನ್ಯೂಜೆಂಟ್, ಅವರೂ ಯುದ್ಧದಿಂದ ಮರಳಿದವರೇ. ಗಾಲಿಕುರ್ಚಿಯವರು ಎಷ್ಟು ಇಳಿಜಾರನ್ನು ತಾವೇ ಹತ್ತಬಲ್ಲರು, ಎಷ್ಟು ಅಗಲದ ಬಾಗಿಲು ಬೇಕು ಎಂಬುದನ್ನು ಅವರ ತಂಡ ಪ್ರಯೋಗ ಮಾಡಿ ಕಂಡುಕೊಂಡಿತು. ಅದರ ಫಲವಾಗಿ 1961ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಮಾನದಂಡ ಬಂತು, ಕೆಲವೇ ಪುಟಗಳದ್ದು. ಇಂದು ನಮ್ಮ ಆಸ್ಪತ್ರೆ, ಬ್ಯಾಂಕುಗಳ ರ‍್ಯಾಂಪಿಗೂ ಅನ್ವಯಿಸುವ ಒಂದಕ್ಕೆ ಹನ್ನೆರಡರ ನಿಯಮ ಅದರಲ್ಲಿದೆ: ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು.

ಮುಂದಿನ ಹೆಜ್ಜೆ ಇಟ್ಟವರು ರೊನಾಲ್ಡ್ ಮೇಸ್. ಒಂಬತ್ತನೇ ವಯಸ್ಸಿಗೆ ಪೋಲಿಯೊ. ಗಾಲಿಕುರ್ಚಿಯಲ್ಲೇ ವಾಸ್ತುಶಿಲ್ಪ ಓದಿದರು. ತರಗತಿಗೆ ಮೆಟ್ಟಿಲು ಹತ್ತಿಸಲು ಅವರನ್ನು ಹೊತ್ತುಕೊಂಡು ಹೋಗಬೇಕಿತ್ತು. 1973ರಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯದ ಕಟ್ಟಡ ಸಂಹಿತೆಯಲ್ಲಿ ಇಂಥವರ ಅನುಕೂಲ ಸೇರಿಸಲು ದುಡಿದರು. ಆದರೆ ಅವರ ದೊಡ್ಡ ಕೊಡುಗೆ ನಿಯಮವಲ್ಲ, ಒಂದು ನೋಟ. ‘ಅಂಗವಿಕಲರಿಗಾಗಿ’ ಎಂದು ಬೇರೆ ಬಾಗಿಲು ಮಾಡಿದರೆ ಅದು ಹಿಂಬಾಗಿಲೇ ಆಗುತ್ತದೆ, ಬಳಸುವವರಿಗೆ ಅವಮಾನ. ಎಲ್ಲರಿಗೂ ಸುಲಭವಾಗುವಂತೆ ಮೊದಲೇ ವಿನ್ಯಾಸ ಮಾಡಿದರೆ ಯಾರಿಗೂ ಹಣೆಪಟ್ಟಿ ಬೇಕಿಲ್ಲ. 1985ರಲ್ಲಿ ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಸರ್ವರಿಗೂ ಸಲ್ಲುವ ವಿನ್ಯಾಸ ಎನ್ನಬಹುದು. ಅದರ ಏಳು ಸೂತ್ರಗಳನ್ನು ಅವರ ತಂಡ 1997ರಲ್ಲಿ ಪ್ರಕಟಿಸಿತು. ಮರುವರ್ಷ ಮೇಸ್ ತೀರಿಕೊಂಡರು.

ಮುಪ್ಪಿನ ವಿಷಯವನ್ನೇ ನೇರವಾಗಿ ಹಿಡಿದವಳು ಪ್ಯಾಟ್ರಿಶಿಯಾ ಮೂರ್. ನ್ಯೂಯಾರ್ಕಿನ ಹೆಸರಾಂತ ವಿನ್ಯಾಸ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಇಪ್ಪತ್ತಾರರ ಹುಡುಗಿ. 1979ರಿಂದ ಮೂರು ವರ್ಷ ಆಗಾಗ ಎಂಬತ್ತರ ಮುದುಕಿಯಂತೆ ವೇಷ ಹಾಕಿದಳು. ಬರಿಯ ಬಿಳಿ ಕೂದಲಲ್ಲ. ಕಣ್ಣು ಮಸುಕಾಗುವ ಕನ್ನಡಕ, ಕಿವಿಗೆ ಅಡೆ, ಕೀಲು ಬಗ್ಗದಂತೆ ಪಟ್ಟಿ. ಹಾಗೆ ಅಮೆರಿಕ, ಕೆನಡಾಗಳ ನೂರಕ್ಕೂ ಹೆಚ್ಚು ಊರು ಸುತ್ತಿದಳು. ಬಸ್ಸಿನ ಮೆಟ್ಟಿಲು, ಅಂಗಡಿಯ ಬಾಗಿಲು, ಡಬ್ಬಿಯ ಮುಚ್ಚಳ ಎಲ್ಲವೂ ತನ್ನನ್ನು ಹೊರಗಿಡಲೆಂದೇ ಮಾಡಿದಂತಿವೆ ಎಂಬುದು ಅವಳ ಮೈಗೇ ತಿಳಿಯಿತು.

ಈ ಅನುಭವಕ್ಕೆ ಒಂದು ಸಿದ್ಧಾಂತವೂ ಇದೆ. 1973ರಲ್ಲಿ ಪೊವೆಲ್ ಲಾಟನ್ ಮತ್ತು ಲುಸಿಲ್ ನಹೆಮೊ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು: ಮನುಷ್ಯನಿಗೆ ಒಂದಿಷ್ಟು ಸಾಮರ್ಥ್ಯವಿದೆ, ಅವನ ಪರಿಸರ ಅವನಿಂದ ಒಂದಿಷ್ಟು ಬೇಡುತ್ತದೆ. ಬೇಡಿಕೆ ಸಾಮರ್ಥ್ಯವನ್ನು ಮೀರಿದರೆ ಬೀಳುತ್ತಾನೆ. ಬೇಡಿಕೆಯೇ ಇಲ್ಲದಿದ್ದರೆ ಇದ್ದ ಶಕ್ತಿಯೂ ಜಡ್ಡುಗಟ್ಟುತ್ತದೆ. ಭಾರ ಮತ್ತು ತಾಳುವ ಶಕ್ತಿಯ ಲೆಕ್ಕ ಕಲಿತ ನನಗೆ ಇದು ಥಟ್ಟನೆ ಹಿಡಿಸಿತು. ವಯಸ್ಸಾದಂತೆ ಸಾಮರ್ಥ್ಯ ಇಳಿಯುತ್ತದೆ, ಅದನ್ನು ಪೂರ್ತಿ ತಡೆಯಲಾಗದು. ಆದರೆ ಮನೆಯ ಬೇಡಿಕೆಯನ್ನು ಇಳಿಸಬಹುದು. ಅಪ್ಪ ಬಿದ್ದದ್ದು ಅವರಿಗೆ ಎಪ್ಪತ್ತಾರು ಎಂಬ ಕಾರಣಕ್ಕಲ್ಲ. ಬಚ್ಚಲು ಇನ್ನೂ ಅವರನ್ನು ನಲವತ್ತರವರು ಎಂದುಕೊಂಡಿದ್ದಕ್ಕೆ.

ಕಾಯ್ದೆಗಳು ಮನೆಯೊಳಗೆ ಬಂದದ್ದು

ಕೆಲವು ದೇಶಗಳು ಇದನ್ನು ಮನೆಯವರ ಪಾಡಿಗೆ ಬಿಡಲಿಲ್ಲ. ಡೆನ್ಮಾರ್ಕ್ 1988ರಿಂದ ಹಳೇ ಬಗೆಯ ವೃದ್ಧಾಲಯಗಳನ್ನು ಹೊಸದಾಗಿ ಕಟ್ಟುವುದನ್ನೇ ನಿಲ್ಲಿಸಿ, ಹಿರಿಯರಿಗೆ ತಕ್ಕ ಮನೆ ಮತ್ತು ಮನೆಗೇ ಬರುವ ನೆರವಿನ ಕಡೆ ಹೊರಳಿತು. ಇಂಗ್ಲೆಂಡಿನಲ್ಲಿ 1999ರಿಂದ ಹೊಸದಾಗಿ ಕಟ್ಟುವ ಸಾಮಾನ್ಯ ಮನೆಗಳಿಗೂ ನಿಯಮ ಬಂತು: ಪ್ರವೇಶದಲ್ಲಿ ಎಡವುವಂತಿಲ್ಲ, ಬಾಗಿಲ ಮಟ್ಟದಲ್ಲೇ ಒಂದು ಶೌಚಾಲಯ ಇರಬೇಕು.

ನಮಗೆ ಹತ್ತಿರ ಎನಿಸುವುದು ಜಪಾನು. ಅಲ್ಲಿಯೂ ಹೊಸ್ತಿಲು, ನೆಲದ ಮೇಲಿನ ಹಾಸಿಗೆ, ಕುಕ್ಕರಗಾಲಿನ ಪಾಯಖಾನೆ. ಅಲ್ಲಿಯೂ ಅತ್ತೆ ಮಾವಂದಿರ ಸೇವೆ ಸೊಸೆಯ ಪಾಲು. 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆರೈಕೆ ವಿಮೆಯಲ್ಲಿ ಮನೆ ತಿದ್ದುವ ಖರ್ಚೂ ಸೇರಿತು, ಎರಡು ಲಕ್ಷ ಯೆನ್ ಮಿತಿಯವರೆಗೆ. ಯಾವುದಕ್ಕೆ? ಹಿಡಿಕೆ ಹಾಕಲು, ನೆಲದ ಏರುತಗ್ಗು ತೆಗೆಯಲು, ಜಾರದ ನೆಲ ಹಾಕಲು, ಬಾಗಿಲನ್ನು ಸರಿಸುವ ಬಾಗಿಲಾಗಿಸಲು, ಕಮೋಡ್ ಕೂರಿಸಲು. ಆ ಪಟ್ಟಿ ಓದಿದಾಗ ನಮ್ಮ ಧಾರವಾಡದ ಮನೆಗೆ ಬಂದು ನೋಡಿ ಬರೆದಂತಿತ್ತು.

ಭಾರತದಲ್ಲಿ 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. 1998ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಅಡೆತಡೆಯಿಲ್ಲದ ಕಟ್ಟಡಗಳ ಬಗ್ಗೆ ಹೊರತಂದ ಮಾರ್ಗಸೂಚಿಯ ತಲೆಬರಹದಲ್ಲೇ ಅಂಗವಿಕಲರ ಜತೆ ವೃದ್ಧರೂ ಇದ್ದರು. 2007ರಲ್ಲಿ ತಂದೆತಾಯಿಗಳ ಪೋಷಣೆಯ ಕಾಯ್ದೆ, 2015ರಲ್ಲಿ ಸುಗಮ್ಯ ಭಾರತ ಅಭಿಯಾನ, 2016ರಲ್ಲಿ ಹೊಸ ಹಕ್ಕುಗಳ ಕಾಯ್ದೆ, 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ. ಕಡಿಮೆಯೇನಲ್ಲ. ಆದರೆ ಇವುಗಳ ಒತ್ತು ಒಂದೋ ರೈಲು ನಿಲ್ದಾಣ, ಕಚೇರಿಗಳಂಥ ಸಾರ್ವಜನಿಕ ಕಟ್ಟಡದ ಮೇಲೆ, ಇಲ್ಲವೇ ಹೊಸದಾಗಿ ಕಟ್ಟಿ ಮಾರುವ ನಿವೃತ್ತರ ಕಾಲೊನಿಗಳ ಮೇಲೆ. ಮಗ ಊಟಕ್ಕೆ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ಮೂವತ್ತು ವರ್ಷ ಹಳೆಯ ಸ್ವಂತ ಮನೆಯ ಬಚ್ಚಲ ಬಾಗಿಲು ಯಾವ ಕಡೆ ತೆರೆಯಬೇಕು ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕು.

ದವಾಖಾನಿ ಮಾಡ್ತೀಯೇನು?

ಹೈದರಾಬಾದಿನ ತಮ್ಮ ಫೋನಿನಲ್ಲಿ ಹೇಳಿದ್ದು, “ಪುಣೆಗೆ ಕರ್ಕೊಂಡು ಹೋಗಣ್ಣಾ, ಲಿಫ್ಟ್ ಐತಿ, ಎಲ್ಲಾ ಐತಿ.” ಎರಡು ವರ್ಷದ ಹಿಂದೆ ಅದನ್ನೂ ನೋಡಿದ್ದೆವು. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಅಪ್ಪ ಎರಡು ತಿಂಗಳು ಹೈವೇಯ ಲಾರಿ ಎಣಿಸಿದರು. ಧಾರವಾಡದಲ್ಲಿ ಅವರಿಗೆ ಹಾಲಿನವನಿದ್ದಾನೆ, ಕೆಲಗೇರಿ ಕೆರೆಯ ದಂಡೆಯ ವಾಕಿಂಗ್ ಗೆಳೆಯರಿದ್ದಾರೆ, ದಾರಿಯಲ್ಲಿ ನಿಂತು ಕಾಲು ಮುಟ್ಟುವ ಹಳೆಯ ವಿದ್ಯಾರ್ಥಿಗಳಿದ್ದಾರೆ. ಲಿಫ್ಟು ಹಾಕಿಸಬಹುದು, ಇವರನ್ನು ಹನ್ನೊಂದನೇ ಮಹಡಿಗೆ ತರಿಸಲಾಗದು. ಹಾಗಾಗಿ ಅವರು ಮನೆ ಬಿಡುವ ಬದಲು ಮನೆಯೇ ಬದಲಾಗಲಿ ಎಂದು ತೀರ್ಮಾನಿಸಿದೆ.

ತೀರ್ಮಾನಿಸಿದೆ ಎಂಬುದೇ ನನ್ನ ತಪ್ಪು. ಆಫೀಸಿನಲ್ಲಿ ಮಾಡುವಂತೆ ಪಟ್ಟಿ, ದಿನಾಂಕ, ಖರ್ಚು ಎಲ್ಲ ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿ, “ಮನಿನ ದವಾಖಾನಿ ಮಾಡ್ಲಿಕ್ಕೆ ಹೊಂಟೀಯೇನು? ಸ್ಟೀಲಿನ ಸರಳು ಹಾಕಿದ್ರ ಬಂದವರು ಏನಂತಾರ?” ಅಂದರು. ಯಾರಿಗಾಗಿ ಮನೆ ಬದಲಾಗುತ್ತಿತ್ತೋ ಅವರನ್ನೇ ಒಂದು ಮಾತು ಕೇಳಿರಲಿಲ್ಲ. ಮೇಸ್ ಹಣೆಪಟ್ಟಿಯ ಅವಮಾನದ ಬಗ್ಗೆ ಹೇಳಿದ್ದು ಅಂದು ನನಗೆ ಸರಿಯಾಗಿ ಅರ್ಥವಾಯಿತು.

ಪಟ್ಟಿ ಮಡಿಸಿಟ್ಟೆ. ಅವ್ವನಿಂದ ಶುರು ಮಾಡಿದೆ. ಮುಂದಿನ ಮೂರು ಮೆಟ್ಟಿಲು ಸೇರಿ 18 ಇಂಚು. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 18 ಅಡಿ ಇಳಿಜಾರು ಬೇಕು, ನಮ್ಮ ಅಂಗಳ ಇರುವುದೇ 9 ಅಡಿ. ಅಡುಗೆ ಮನೆಯ ಹಿಂಬಾಗಿಲಿಗೆ ಹೋಗುವ ಪಕ್ಕದ ಸಂದಿ ಮಾತ್ರ 20 ಅಡಿ ಉದ್ದವಿತ್ತು. ಅವ್ವನ ಹೂಕುಂಡಗಳನ್ನು ಸರಿಸಿ ಅಲ್ಲಿ ಇಳಿಜಾರು ಮಾಡಿಸಿದೆವು, ಗ್ಯಾಸ್ ಸಿಲಿಂಡರ್ ಉರುಳಿಸಿ ತರಲಿಕ್ಕೆ ಎಂಬ ನೆಪದಲ್ಲಿ. ಸಿಲಿಂಡರಿನವನು ಖುಷಿಪಟ್ಟ. ದಸರೆಗೆ ಬಂದ ನನ್ನ ಮಗಳು ಸೈಕಲ್ ಹೊಡೆದಳು. ತಿಂಗಳೊಳಗೆ ಅಪ್ಪನೂ ಬೆಳಗಿನ ವಾಕಿಂಗಿಗೆ ಹಿಂಬಾಗಿಲಿಂದಲೇ ಹೋಗತೊಡಗಿದರು. ಯಾರೂ ಏನೂ ಮಾತಾಡಲಿಲ್ಲ.

ಆಮೇಲೆ ಬಚ್ಚಲು. ಬಾಗಿಲು 2 ಅಡಿ 9 ಇಂಚಾಯಿತು, ಹೊರಕ್ಕೆ ತೆರೆಯುವಂತಾಯಿತು. ಚಿಲಕ ಹೊರಗಿನಿಂದಲೂ ತೆಗೆಯಬರುವಂಥದ್ದು. 4 ಇಂಚಿನ ತಗ್ಗು ತುಂಬಿಸಿ, ನೀರು ಒಳಗೋಡೆಯ ಕಡೆ ಹರಿಯುವಂತೆ ಇಳಿಜಾರು ಕೊಟ್ಟೆವು. ಹೊಳೆಯುವ ಟೈಲ್ಸ್ ಕಿತ್ತು, ಪಾಲಿಶ್ ಮಾಡದ ಒರಟು ಶಹಾಬಾದಿ ಫರಸಿ ಹಾಕಿಸಿದೆವು. ಅಪ್ಪ ಆಗ ಮೊದಲ ಸಲ ಮಿಸ್ತ್ರಿಯ ಹತ್ತಿರ ನಿಂತು ಸಲಹೆ ಕೊಟ್ಟರು. ಕಮೋಡ್ ಬಂತು. ಹಾಸಿಗೆಯ ತಲೆದೆಸೆಯಲ್ಲೇ ದೀಪದ ಸ್ವಿಚ್ಚು, ಬಚ್ಚಲ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಎಲ್ಲ ಸೇರಿ ಖರ್ಚು ಸುಮಾರು 1 ಲಕ್ಷ 40 ಸಾವಿರ. ನನ್ನ ಪುಣೆಯ ಫ್ಲ್ಯಾಟಿನ ಮೂರು ಕಂತು ಅಷ್ಟಾಗುತ್ತದೆ.

ಉಳಿದದ್ದು ಆ ಸರಳು. ಟವೆಲ್ ರಾಡು ಮನುಷ್ಯನ ಭಾರ ತಾಳುವಂಥದ್ದಲ್ಲ, ಟವೆಲಿನ ಭಾರ ತಾಳುವಂಥದ್ದು. ಹಿಡಿಕೆಯ ಬೋಲ್ಟು ಟೈಲ್ಸಿಗಲ್ಲ, ಇಟ್ಟಿಗೆಯ ಗೋಡೆಯೊಳಗೆ ಕಚ್ಚಿರಬೇಕು. ಇದನ್ನೆಲ್ಲ ವಿವರಿಸುತ್ತಿದ್ದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಅವ್ವನ ಕಡೆ ತಿರುಗಿ, “ನಮ್ಮವ್ವನ ಹಾಸಿಗಿ ಬಾಜೂಕ ಹಗ್ಗ ಇತ್ತಲ್ಲ, ನೆನಪೈತೇನು? ಇದೂ ಅದ,” ಅಂದರು. ಸರಳು ಗೋಡೆಗೆ ಕೂತಿತು. ಮನೆಯಲ್ಲಿ ಈಗ ಅದಕ್ಕೆ ಹಗ್ಗ ಎಂದೇ ಹೆಸರು.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಹಿಡಿಕೆ ಕೈ ಹಿಡಿಯುತ್ತದೆ, ಮಾತಾಡಿಸುವುದಿಲ್ಲ. ಮೇಲಿನ ಕೋಣೆಗಳ ಬೀಗ ಹಾಗೇ ಇದೆ. ಬೆಳಗಿನ ಆರಕ್ಕೆ ಫೋನು ಬಂದರೆ ಎದೆ ಈಗಲೂ ಧಸಕ್ಕೆನ್ನುತ್ತದೆ. ಆದರೂ ಇದನ್ನು ಬರೆಯಲು ಕಾರಣ, ನಮ್ಮಲ್ಲಿ ಬಹುತೇಕರು ಮುಂದಿನ ದೀಪಾವಳಿಗೆ ಊರಿಗೆ ಹೋಗುವವರು. ಬ್ಯಾಗಿನಲ್ಲಿ ಸಿಹಿಯ ಜತೆ ಒಂದು ಟೇಪೂ ಇರಲಿ. ಬಚ್ಚಲ ಬಾಗಿಲು ಎಷ್ಟು ಅಗಲ, ಯಾವ ಕಡೆ ತೆರೆಯುತ್ತದೆ, ಒದ್ದೆಯಾದಾಗ ನೆಲ ಹೇಗಿರುತ್ತದೆ, ರಾತ್ರಿ ಎರಡಕ್ಕೆ ಏಳುವವರ ಕೈಗೆ ಮೊದಲು ಸಿಗುವುದು ಏನು ಎಂದು ನೋಡಿ. ಪಟ್ಟಿ ಬರೆಯುವ ಮುಂಚೆ ಅವರನ್ನು ಕೇಳಿ. ಹಾಗೆಯೇ ಪುಣೆಗೋ ಚೆನ್ನೈಗೋ ಮರಳಿದ ಮೇಲೆ, ಮೂವತ್ತು ವರ್ಷದ ಸಾಲ ಮಾಡಿ ಕೊಂಡ ನಿಮ್ಮ ಸ್ವಂತ ಫ್ಲ್ಯಾಟಿನ ಬಚ್ಚಲ ಬಾಗಿಲನ್ನೂ ಒಮ್ಮೆ ಅಳೆಯಿರಿ. ನನ್ನದನ್ನು ಅಳೆದೆ. 2 ಅಡಿ 3 ಇಂಚು, ಒಳಮುಖ.